ಸಿಗ್ನಲ್‌ನಲ್ಲಿ ಮಾತ್ರ ಏರುತ್ತಿದ್ದ ಮುಳ್ಳು

ಮೂರು ವಾರದಿಂದ ನನ್ನ ಕಾರನ್ನು ಕಾಡುತ್ತಿದ್ದ ತೊಂದರೆ ಇವತ್ತು ಕೈಗೆ ಸಿಕ್ಕಿತು. ತುಮಕೂರು ರಸ್ತೆಯಲ್ಲಿ 80ರಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ಅಲುಗಾಡುತ್ತಿರಲಿಲ್ಲ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಐದು ನಿಮಿಷ ನಿಂತರೆ ಸಾಕು, ಕೆಂಪು ಗೆರೆಯತ್ತ ಹೊರಡುತ್ತಿತ್ತು. ಏಸಿಯೂ ಬಿಸಿ ಗಾಳಿ ಊದುತ್ತಿತ್ತು.

ಒಂದು ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗದ ಸೀಲು) ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ನನ್ನ ಮನಸ್ಸು ಒಪ್ಪಲಿಲ್ಲ. ಅದು ಹೋಗಿದ್ದರೆ ಕಾಣುವ ಲಕ್ಷಣ ಒಂದೂ ಇರಲಿಲ್ಲ: ಕೂಲಂಟ್ (ಎಂಜಿನ್ ತಣಿಸುವ ದ್ರವ) ಕಮ್ಮಿಯಾಗಿರಲಿಲ್ಲ, ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿರಲಿಲ್ಲ, ಬಿಳಿ ಹೊಗೆಯೂ ಇರಲಿಲ್ಲ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತೆ. ನಿಂತಾಗ ಆ ಕೆಲಸ ಫ್ಯಾನಿನದು. ಬಾನೆಟ್ ಎತ್ತಿ ಏಸಿ ಹಾಕಿದೆ. ಏಸಿ ಹಾಕಿದರೆ ಫ್ಯಾನ್ ತಿರುಗಬೇಕಿತ್ತು, ತಿರುಗಲೇ ಇಲ್ಲ. ಫ್ಯೂಸ್ ಸರಿಯಿತ್ತು, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು) ಬದಲಿಸಿದರೂ ಅಷ್ಟೇ. ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟಾಗ ಮೋಟಾರ್ ಸಲೀಸಾಗಿ ತಿರುಗಿತು! ಮೋಟಾರಿಗೆ ವೈರ್ ಸೇರುವ ಕನೆಕ್ಟರ್ ಬಿಚ್ಚಿ ನೋಡಿದರೆ ಒಂದು ಪಿನ್ ಕಪ್ಪಾಗಿ, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಬೆಲ್ಲದ ಬಣ್ಣಕ್ಕೆ ಕರಗಿತ್ತು.

(ನಿಮಗೂ ಹೀಗಾದರೆ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತೆ.)

ಅಪ್ಪ ನೆನಪಾದರು. ಜೀವಮಾನವೆಲ್ಲ ಬಸ್ ಓಡಿಸಿದವರು. ಅವರಿಗೆ ಬಿಪಿ ಇದೆ ಅಂತ ಗೊತ್ತಾಗಿದ್ದು ರಿಟೈರ್ ಆಗಿ ಮನೆಯಲ್ಲಿ ಕೂತ ಮೇಲೆ. ಅಷ್ಟು ವರ್ಷ ಅವರ ತಲೆನೋವನ್ನು ನಾವ್ಯಾರೂ ಕೇಳಿರಲೇ ಇಲ್ಲ.

ಸಂಜೆ ಹೊಸ ಕನೆಕ್ಟರ್ ಹಾಕಿಸಿ, ಮನೆ ಮುಂದೆ ಅರ್ಧ ಗಂಟೆ ಐಡಲ್‌ನಲ್ಲಿ ಬಿಟ್ಟೆ. ಅಪ್ಪನೂ ಹೊರಗೆ ಬಂದು ಪಕ್ಕದಲ್ಲಿ ನಿಂತರು. ಮುಳ್ಳು ಅರ್ಧ ದಾಟಿತು. ಗುರ್ರ್ ಅಂತ ಫ್ಯಾನ್ ಎದ್ದಿತು. "ಬಂತು ನೋಡು" ಅಂದರು ಅಪ್ಪ.