ಹಿತ್ತಲ ಕೋಣೆಗೆ ನೆಟ್ ತಂದ ಕಥೆ

ಮನೆಯಿಂದ ಸುಮಾರು 40 ಮೀಟರ್ ದೂರದಲ್ಲಿ, ಹಿತ್ತಲಲ್ಲಿ, ನಮ್ಮದೊಂದು ತಗಡಿನ ಕೋಣೆ ಇದೆ. ಹಳೇ ಸಾಮಾನು ತುಂಬೋಕೆ ಅಂತ ಕಟ್ಟಿದ್ದು, ಈಗ ನನ್ನ ಕೆಲಸದ ಜಾಗ. ತೊಂದರೆ ಒಂದೇ, ವೈಫೈ. ಬಾಗಿಲಲ್ಲಿ ನಿಂತರೆ ಫೋನಿನಲ್ಲಿ ಎರಡು ಕಡ್ಡಿ. ಒಳಗೆ ಬಂದು ಬಾಗಿಲು ಹಾಕಿಕೊಂಡರೆ ಸೊನ್ನೆ. ಸುತ್ತ ತಗಡು ಹೊಡೆದ ಮೇಲೆ ರೇಡಿಯೋ ಅಲೆ ಒಳಗೆ ಹೇಗೆ ಬರಬೇಕು ಹೇಳಿ?

ಎಲ್ಲರ ಹಾಗೆ ನಾನೂ ಮೊದಲು ರಿಪೀಟರ್ ತಂದೆ, ಅಂದರೆ ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಪೆಟ್ಟಿಗೆ. ಕೋಣೆಯೊಳಗೆ ಇಟ್ಟರೆ ಅದಕ್ಕೇ ಸಿಗ್ನಲ್ ಇಲ್ಲ, ನನಗೆಲ್ಲಿಂದ ಕೊಡುತ್ತೆ? ಕೋಣೆಯ ಕಿಟಕಿಯ ಹತ್ತಿರ, ಗಾಜಿಗೆ ತಾಗಿಸಿ ಇಟ್ಟೆ. ಕಡ್ಡಿಗಳು ತುಂಬಿದವು, ಖುಷಿಯಾಯಿತು, ಆದರೆ ವೀಡಿಯೋ ಕಾಲ್‌ನಲ್ಲಿ ನನ್ನ ಮುಖ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿತ್ತು. ಆ ರಿಪೀಟರ್‌ನಲ್ಲಿ ಇದ್ದದ್ದು ಒಂದೇ ರೇಡಿಯೋ. ಅದು ಮೊದಲು ಕೇಳಿಸಿಕೊಳ್ಳಬೇಕು, ಆಮೇಲೆ ಅದನ್ನೇ ಮತ್ತೆ ಹೇಳಬೇಕು, ಎರಡನ್ನೂ ಒಟ್ಟಿಗೆ ಮಾಡೋಕಾಗಲ್ಲ. ಹಾಗಾಗಿ ವೇಗ ಅರ್ಧಕ್ಕರ್ಧ ಅಲ್ಲೇ ಹೋಗುತ್ತೆ. ಫೋನಿನ ಕಡ್ಡಿ ನಂಬಿ ಎರಡು ವಾರ ಸುಮ್ನೆ ಒದ್ದಾಡಿದೆ.

ಕೊನೆಗೆ ಒಂದು ಶನಿವಾರ ಗುದ್ದಲಿ ಹಿಡಿದೆ. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೂ ಆರಾಮಾಗಿ ಓಡುತ್ತೆ, ನನ್ನದು ಅದರ ಅರ್ಧವೂ ಇಲ್ಲ. ಚರಂಡಿ ತೋಡಿ, ಪೈಪ್ ಹಾಕಿ, ಹೊರಾಂಗಣಕ್ಕೆ ಅಂತಲೇ ಬರುವ ಕ್ಯಾಟ್ 6 ಕೇಬಲನ್ನು ಹಗ್ಗ ಕಟ್ಟಿ ಎಳೆದೆ. ಬೆನ್ನು ಬಿದ್ದುಹೋಯಿತು, ಅದಿರಲಿ.

ಕೋಣೆಯಲ್ಲಿ ಹಳೇ ರೂಟರ್ ಒಂದನ್ನು ಸಿಕ್ಕಿಸಿದ್ದೇ ತಡ, ಮನೆಯಿಂದ ಕೂಗು: ‘ನೆಟ್ ಹೋಯ್ತು!’ ತಪ್ಪು ನನ್ನದೇ. ಹಳೇ ರೂಟರ್‌ನ ಡಿಎಚ್‌ಸಿಪಿ, ಅಂದರೆ ನೆಟ್‌ಗೆ ಸೇರುವ ಸಾಧನಗಳಿಗೆ ವಿಳಾಸ ಹಂಚುವ ಕೆಲಸ, ಆಫ್ ಮಾಡೋದು ಮರೆತಿದ್ದೆ. ಮನೆಯಲ್ಲಿದ್ದ ಫೋನುಗಳಿಗೂ ಆ ರೂಟರೇ ವಿಳಾಸ ಹಂಚುತ್ತಾ ಕೂತಿತ್ತು. ಸಾಲದ್ದಕ್ಕೆ ಎರಡೂ ರೂಟರ್‌ಗಳ ವಿಳಾಸ 192.168.1.1. ಹಳೇದನ್ನು 192.168.1.2 ಮಾಡಿ, ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಮತ್ತೆ ಅದರ ಲ್ಯಾನ್ ಪೋರ್ಟಿಗೇ (ಮನೆಯೊಳಗಿನ ಸಾಧನಗಳಿಗಿರುವ ಕಿಂಡಿಗೆ) ಹಾಕಿದೆ. ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದಕ್ಕೊಂದು ಅಡ್ಡ ಬರದಿರಲಿ ಅಂತ ವೈಫೈ ಚಾನೆಲ್ ಮಾತ್ರ 1 ಮತ್ತು 11. ಕೂಗು ನಿಂತಿತು.

ಆದರೂ ಕೇಬಲಿನ ವೇಗ 100 ಮೆಗಾಬಿಟ್ ದಾಟಲಿಲ್ಲ. ಎರಡೂ ಕಡೆ ಗಿಗಾಬಿಟ್ (1000 ಮೆಗಾಬಿಟ್) ಪೋರ್ಟ್ ಇದ್ದರೂ! ತುದಿ ಕಿತ್ತು ಬೆಳಕಿಗೆ ಹಿಡಿದು ನೋಡಿದೆ. ಕಿತ್ತಳೆ ಸರಿ, ಹಸಿರು ಸರಿ, ನೀಲಿ ಸರಿ. ಕೊನೆಯಲ್ಲಿದ್ದ ಕಂದು ತಂತಿ ಒಂದು ಎಳ್ಳಿನಷ್ಟು ಗಿಡ್ಡ, ಪಿನ್ನಿಗೆ ಮುಟ್ಟೇ ಇರಲಿಲ್ಲ. 100ಕ್ಕೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಹೊಸದಾಗಿ ಕ್ರಿಂಪ್ ಮಾಡಿದೆ, ಅಂದರೆ ತುದಿಗೆ ಪ್ಲಗ್ ಹಾಕಿ ಒತ್ತಿದೆ. 1000 ಬಂತು. ಒಬ್ಬನೇ ಕೂತು ಚಪ್ಪಾಳೆ ಹೊಡೆದೆ ಅಂದ್ರೆ ನಗಬೇಡಿ.

ಇನ್ನೊಂದು ವಿಷಯ ಉಳಿದಿದೆ. ಎರಡು ಬೇರೆ ಕಟ್ಟಡಗಳ ನಡುವೆ ತಾಮ್ರದ ತಂತಿ ಎಳೆಯೋದು ಅಷ್ಟು ಒಳ್ಳೆಯದಲ್ಲ. ಹತ್ತಿರ ಸಿಡಿಲು ಬಡಿದರೆ ಎರಡೂ ಕಡೆಯ ರೂಟರ್‌ಗಳು ಒಟ್ಟಿಗೇ ಸುಟ್ಟು ಹೋಗಬಹುದು. ಫೈಬರ್‌ನಲ್ಲಿ, ಅಂದರೆ ಬೆಳಕು ಸಾಗಿಸುವ ಗಾಜಿನ ಎಳೆಯಲ್ಲಿ, ಕರೆಂಟ್ ಹರಿಯಲ್ಲ, ಅದನ್ನೇ ಹಾಕಬೇಕಿತ್ತು. ಪುಣ್ಯಕ್ಕೆ ಪೈಪಿನೊಳಗೆ ಇನ್ನೊಂದು ಹಗ್ಗ ಬಿಟ್ಟಿದ್ದೇನೆ, ಮುಂದೆ ಅದಕ್ಕೇ ಕಟ್ಟಿ ಫೈಬರ್ ಎಳೆಯಬಹುದು. ಅಲ್ಲಿಯವರೆಗೆ, ಮೋಡ ಕಟ್ಟಿತು ಅಂದರೆ ಓಡಿಹೋಗಿ ಎರಡೂ ತುದಿ ಕೀಳೋದು ನನ್ನ ಡ್ಯೂಟಿ.