ಗಸ್ತು ವಿಮಾನದಲ್ಲಿ ಪೈಲಟ್‌ನ ಹಿಂದೆ ಕೂತವರು

ಕಳೆದ ಭಾನುವಾರ ಬೆಳಗಿನ ಜಾವ ನಂದಿಬೆಟ್ಟದ ಮೇಲೆ ಮಂಜು ಕರಗಲೆಂದು ಕಾಯುತ್ತ ನಿಂತಿದ್ದಾಗ, ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗ ಯಲಹಂಕದ ದಿಕ್ಕಿಗೆ ಕೈ ತೋರಿಸಿ, "ಮಾವ, ನೇತ್ರ ವಿಮಾನದ ಪೈಲಟ್‌ಗೆ ಅಷ್ಟು ದೂರದ ಶತ್ರುವಿಮಾನ ಹೇಗೆ ಕಾಣುತ್ತದೆ?" ಎಂದು ಕೇಳಿದ. ನೇತ್ರ ಎಂದರೆ ಬೆನ್ನ ಮೇಲೆ ರೇಡಾರ್ ಹೊತ್ತು ಆಕಾಶದಿಂದಲೇ ದೂರದ ವಿಮಾನಗಳ ಮೇಲೆ ಕಣ್ಣಿಡುವ ನಮ್ಮ ವಾಯುಪಡೆಯ ವಿಮಾನ. ಪೈಲಟ್‌ಗೆ ಅದು ಕಾಣಬೇಕಾಗಿಯೇ ಇಲ್ಲ, ನೋಡುವವರು ಅವನ ಹಿಂದೆ ಕೂತಿರುತ್ತಾರೆ ಎಂದೆ. ಅವನು ಒಪ್ಪಲಿಲ್ಲ; ಬೆಟ್ಟ ಇಳಿಯುವವರೆಗೂ ವಾದ ನಡೆಯಿತು.

ಮೊದಲು ಎತ್ತರದ ಲೆಕ್ಕ. ಭೂಮಿ ಬಾಗಿರುವುದರಿಂದ ನೆಲದ ಮೇಲಿನ ರೇಡಾರಿಗೆ ತಗ್ಗಿನಲ್ಲಿ ಹಾರುವ ವಿಮಾನ ಸಿಗುವುದು ತೀರ ಹತ್ತಿರ ಬಂದಮೇಲೆ. ಮೀಟರಿನಲ್ಲಿ ಅಳೆದ ಎತ್ತರದ ವರ್ಗಮೂಲವನ್ನು 4.1ರಿಂದ ಗುಣಿಸಿದರೆ, ನೆಲಮಟ್ಟದಲ್ಲಿ ಎಷ್ಟು ಕಿಲೋಮೀಟರ್‌ವರೆಗೆ ರೇಡಾರ್ ನಿಲುಕುತ್ತದೆ ಎಂಬುದು ಸುಮಾರಾಗಿ ಗೊತ್ತಾಗುತ್ತದೆ. ಸುತ್ತಲಿನ ಬಯಲಿಗಿಂತ ಐನೂರು ಮೀಟರಿಗೂ ಮೇಲಿರುವ ನಂದಿಬೆಟ್ಟದ ನೆತ್ತಿಗೆ ಅದು ನೂರರ ಹತ್ತಿರ. 9,000 ಮೀಟರ್ ಎತ್ತರದ ವಿಮಾನಕ್ಕೆ 390ರ ಆಸುಪಾಸು. ಇಲ್ಲಿ ಕೋಟೆ ಕಟ್ಟಿದವರಿಗೆ ಸೂತ್ರ ಗೊತ್ತಿರಲಿಲ್ಲ, ಪ್ರಯೋಜನ ಗೊತ್ತಿತ್ತು.

ಇನ್ನು ಒಳಗಿರುವವರ ವಿಷಯ. ಇಂಥದೇ ಕೆಲಸ ಮಾಡುವ ಅಮೆರಿಕದ ಇ-2 ಹಾಕ್‌ಐ ವಿಮಾನದ ಐವರಲ್ಲಿ ಇಬ್ಬರು ಪೈಲಟ್‌ಗಳು, ಉಳಿದ ಮೂವರು ರೇಡಾರ್ ಪರದೆಯ ಮುಂದೆ ಕೂರುವವರು. ಅದಕ್ಕಿಂತ ದೊಡ್ಡದಾದ ಇ-3 ಸೆಂಟ್ರಿಯಲ್ಲಿ ಹಾರಿಸುವವರು ನಾಲ್ವರಾದರೆ ಹಿಂದೆ ಕೆಲಸ ಮಾಡುವವರು ಹದಿಮೂರಕ್ಕೂ ಹೆಚ್ಚು. ಅವರಲ್ಲಿ ಕೆಲವರು ಪರದೆಯ ಮೇಲಿನ ಪ್ರತಿ ಚುಕ್ಕೆಯನ್ನು ಹಿಂಬಾಲಿಸಿ ಅದು ನಮ್ಮದೋ, ಪರರದೋ, ಪ್ರಯಾಣಿಕರ ವಿಮಾನವೋ ಎಂದು ಗುರುತು ಹಚ್ಚುತ್ತಾರೆ. ಕೆಲವರು ನಮ್ಮ ಯುದ್ಧವಿಮಾನಗಳಿಗೆ ರೇಡಿಯೊದಲ್ಲಿ ದಾರಿ ಹೇಳುತ್ತಾರೆ. ಇನ್ನು ಕೆಲವರ ಗಮನ ಎದುರಾಳಿಯ ರೇಡಾರ್ ಹೊರಸೂಸುವ ಸಂಕೇತಗಳ ಮೇಲಿರುತ್ತದೆ. ಇವರೆಲ್ಲರ ಮೇಲೆ ಕಾರ್ಯಾಚರಣೆಯ ಮುಖ್ಯಸ್ಥನಿರುತ್ತಾನೆ. ಎಲ್ಲಿ ನೋಡಬೇಕು, ಯಾರಿಗೆ ತಿಳಿಸಬೇಕು ಎಂಬುದು ಅವನ ತೀರ್ಮಾನ. ವಿಮಾನದ ಸುರಕ್ಷತೆ ಮಾತ್ರ ಕ್ಯಾಪ್ಟನ್‌ನದು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಹಾರಾಟದ ಮುಂಚಿನ ಯೋಜನೆ. 2017ರ ಏರೋ ಇಂಡಿಯಾದಲ್ಲಿ ವಾಯುಪಡೆಗೆ ಹಸ್ತಾಂತರವಾದ ನೇತ್ರವನ್ನು ನೋಡಿದವರಿಗೆ ಅದರ ಬೆನ್ನ ಮೇಲಿನ ಉದ್ದನೆಯ ದಿಮ್ಮಿಯಂಥ ಭಾಗ ನೆನಪಿರಬಹುದು. ಅದರ ಎರಡೂ ಮಗ್ಗುಲಿನ ಆಂಟೆನಾಗಳು ತಲಾ 120 ಡಿಗ್ರಿ ನೋಡುತ್ತವೆ, ಒಟ್ಟು 240. ಅಂದರೆ ಮೂತಿಯ ಮುಂದೆ ಮತ್ತು ಬಾಲದ ಹಿಂದೆ ಅರವತ್ತರವತ್ತು ಡಿಗ್ರಿ ಕುರುಡು. ಆದ್ದರಿಂದ ಗಡಿಯ ಕಡೆಗೆ ನೇರವಾಗಿ ಹಾರಿದರೆ ಕಾಣಬೇಕಾದದ್ದೇ ಕಾಣುವುದಿಲ್ಲ. ಗಡಿಗೆ ಸಮಾನಾಂತರವಾಗಿ, ಓಟದ ಮೈದಾನದ ಪಥದಂತೆ ಉದ್ದನೆಯ ಸುತ್ತು ಹಾಕಬೇಕು. ತಿರುವಿನಲ್ಲಿ ವಿಮಾನ ವಾಲಿದಾಗ ನೋಟವೂ ವಾಲುವುದರಿಂದ, ಪೈಲಟ್ ತಿರುಗುವ ಮುನ್ನ ಹಿಂದಿನವರಿಗೆ ಹೇಳುವುದು ಕೇವಲ ಶಿಷ್ಟಾಚಾರವಲ್ಲ. ನಮ್ಮ ವಾಯುಪಡೆಗೆ 2009ರಲ್ಲಿ ಬಂದ, ಫಾಲ್ಕನ್ ಎಂಬ ರೇಡಾರಿನ ಎ-50 ವಿಮಾನಕ್ಕೆ ಈ ತಾಪತ್ರಯವಿಲ್ಲ. ಅದರ ಗುಮ್ಮಟದೊಳಗಿನ ಮೂರು ಆಂಟೆನಾಗಳು ಸುತ್ತಲೂ ನೋಡುತ್ತವೆ.

ಆಮೇಲೆ ಸಮಯ. ಐದು ಗಂಟೆ ಹಾರಬಲ್ಲ ವಿಮಾನ ಹೋಗಿಬರುವುದಕ್ಕೆ ಒಂದೂವರೆ ಗಂಟೆ, ಮೀಸಲು ಇಂಧನಕ್ಕೆ ಅರ್ಧ ಗಂಟೆ ತೆಗೆದಿಟ್ಟರೆ ಕಾವಲಿಗೆ ಉಳಿಯುವುದು ಮೂರೇ ಗಂಟೆ. ಹಗಲಿರುಳು ಒಂದು ವಿಮಾನ ಮೇಲಿರಬೇಕೆಂದರೆ ದಿನಕ್ಕೆ ಎಂಟು ಹಾರಾಟ ಬೇಕು. ಹೊಸ ವಿಮಾನದ ಪರದೆಗಳು ಸಜ್ಜಾಗುವವರೆಗೂ ಹಳೆಯದು ಜಾಗ ಬಿಡುವಂತಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚೇ. ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವ ಸೌಲಭ್ಯ ನೇತ್ರಕ್ಕಿದೆ. ಆದರೆ ಇಂಧನ ತುಂಬಿದ ಮಾತ್ರಕ್ಕೆ ಪರದೆ ದಿಟ್ಟಿಸುವವನ ಆಯಾಸ ಹೋಗುವುದಿಲ್ಲ. ಹಾಗಾಗಿ ಇಂಧನದ ಲೆಕ್ಕದ ಪಕ್ಕದಲ್ಲೇ ಯಾರು ಎಷ್ಟು ಹೊತ್ತಿಗೆ ಪರದೆ ಬಿಟ್ಟೇಳಬೇಕೆಂಬ ಪಾಳಿಯ ಪಟ್ಟಿಯನ್ನೂ ನೆಲದ ಮೇಲೇ ಬರೆದುಕೊಳ್ಳಬೇಕಾಗುತ್ತದೆ.