ಗರೋನ್ ನಾಲೆ ಏರಿ ಮೇಲೆ ಸೈಕಲ್: ಕಾಲಿಗಿಂತ ಹೊಟ್ಟೆ ಚಿಂತೆ ಜಾಸ್ತಿ

ಫ್ರಾನ್ಸಿನ ಹಳ್ಳಿ ಕಡೆ ಸೈಕಲ್ ಹೊಡೆಯೋಕೆ ಹೊರಟವರೆಲ್ಲ ಕೇಳೋದು ಎರಡೇ. ಏರು ಎಷ್ಟಿದೆ? ಕಾರು, ಲಾರಿ ಕಾಟ ಎಷ್ಟಿದೆ? ಬೋರ್ಡೊದಿಂದ ತುಲೂಸ್‌ಗೆ ನಾಲೆ ಪಕ್ಕದ ದಾರಿ ಹಿಡಿದರೆ ಎರಡೂ ಹೆಚ್ಚುಕಡಿಮೆ ಇಲ್ಲ. ನಾನೂ ಅಷ್ಟೇ ವಿಚಾರಿಸಿಕೊಂಡು ಹೊರಟವನು. ಎರಡನೇ ದಿನ ರಾತ್ರಿ 118 ಯೂರೊ ಕೊಟ್ಟ ರೂಮಿನಲ್ಲಿ, ಮಂಚದ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿಕೊಂಡು, ಬೆಳಗ್ಗೆ ಕೊಂಡಿದ್ದ ಅರ್ಧ ಬ್ರೆಡ್ಡಿಗೆ ಅಮ್ಮ ಕಳಿಸಿದ್ದ ಚಟ್ನಿಪುಡಿ ಉದುರಿಸಿಕೊಂಡು ನಾನೂ ನನ್ನ ಹೆಂಡತಿಯೂ ಊಟ ಮುಗಿಸಿದೆವು. ಯಾಕೆ ಅಂತ ಮುಂದೆ ಹೇಳುತ್ತೇನೆ. ನೀವು ಹೋಗೋ ಹಾಗಿದ್ದರೆ ಅದೊಂದು ತಿಳಿದಿದ್ದರೆ ಸಾಕು, ಉಳಿದದ್ದು ಸುಲಭ.

ಆಫೀಸಿನ ಕೆಲಸಕ್ಕೆ ಅಂತ ನಾನು ತುಲೂಸ್‌ನಲ್ಲಿ ನಾಲ್ಕು ತಿಂಗಳು ಇದ್ದೆ. ಸೆಪ್ಟೆಂಬರ್‌ನಲ್ಲಿ ಹೆಂಡತಿ ಬಂದಳು. ಪ್ಯಾರಿಸ್ ನೋಡೋಣ ಅಂದಳು, ನನಗೆ ಕ್ಯೂ ನಿಂತು ಗೋಪುರ ಹತ್ತುವ ತಾಳ್ಮೆ ಇಲ್ಲ. ಮಂಡ್ಯದ ಕಡೆ ವಿ.ಸಿ. ನಾಲೆ ಏರಿ ಮೇಲೆ ಸೈಕಲ್ ಕಲಿತವನು ನಾನು. ನಾಲೆ ಅಂದ್ರೆ ಸಾಕು, ಹೊರಟುಬಿಡುತ್ತೇನೆ. ಸಹೋದ್ಯೋಗಿಗಳ ಹತ್ತಿರ ಎರಡು ಸೈಕಲ್, ಹಿಂದಿನ ಚಕ್ರದ ಎರಡೂ ಕಡೆ ನೇತುಹಾಕುವ ಬ್ಯಾಗು ಎರವಲು ತಂದೆವು. ರೈಲಿನಲ್ಲಿ ಬೋರ್ಡೊಗೆ ಹೋಗಿ ಅಲ್ಲಿಂದ ವಾಪಸ್ ತುಳಿದುಕೊಂಡು ಬರೋದು ಅಂತ ಪ್ಲಾನು. ಒಟ್ಟು ಸುಮಾರು 260 ಕಿ.ಮೀ.

ಈ ದಿಕ್ಕೇ ಯಾಕೆ ಅಂದರೆ ಗಾಳಿ. ಸಾಮಾನ್ಯವಾಗಿ ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದ ಬೀಸುತ್ತದೆ, ಬೆನ್ನಿಗೆ ತಳ್ಳುತ್ತದೆ. ಸಾಮಾನ್ಯವಾಗಿ ಅಂತ ಬರೆದಿದ್ದೇನೆ, ಗಮನಿಸಿ. ತುಲೂಸ್ ಕಡೆ ಆಗ್ನೇಯದಿಂದ ಬೀಸುವ ಇನ್ನೊಂದು ಗಾಳಿ ಇದೆ, ಹೆಸರು ಓತಾನ್. ಅದು ಶುರುವಾದರೆ ಜನಕ್ಕೆ ತಲೆ ಕೆಡುತ್ತದೆ ಅಂತ ಅಲ್ಲಿಯವರೇ ಹೇಳುತ್ತಾರೆ. ಕೊನೆಯ ಎರಡು ದಿನ ನಮಗೂ ಕೆಡಿಸಿತು.

ಬೋರ್ಡೊ ಬಗ್ಗೆ ಬರೆಯೋದಿಲ್ಲ. ದೊಡ್ಡ ಊರು, ಜನಜಂಗುಳಿ, ಶನಿವಾರ ಬೇರೆ. ನದಿ ದಾಟಿ ಪೂರ್ವಕ್ಕೆ ತಿರುಗಿದರೆ ರೋಜೆ ಲಾಪೆಬಿ ದಾರಿ ಸಿಗುತ್ತದೆ. ಲಾಪೆಬಿ 1937ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದವರು. ಗೇರು ಬದಲಾಯಿಸುವ ಸಾಧನವನ್ನು ಆ ರೇಸಿನಲ್ಲಿ ಎಲ್ಲರಿಗೂ ಬಿಟ್ಟಿದ್ದು ಅದೇ ವರ್ಷ. ಇದು ಹಳೇ ರೈಲು ಹಳಿ ಕಿತ್ತು ಟಾರು ಹಾಕಿದ ದಾರಿ. ರೈಲಿಗೆ ಮಾಡಿದ್ದಾದ್ದರಿಂದ ಏರು ಇದ್ದರೂ ಕಾಲಿಗೆ ಗೊತ್ತಾಗೋದು ತಡವಾಗಿ. ಒಂದು ಸುರಂಗವೂ ಇದೆ. ಇಂಥ ದಾರಿಗಳಿಗೆ ಫ್ರೆಂಚರು ‘ವುವಾ ವೆರ್ತ್’ ಅನ್ನುತ್ತಾರೆ, ಹಸಿರು ದಾರಿ ಅಂತ. ಮೋಟಾರು ಗಾಡಿಗೆ ಪ್ರವೇಶವಿಲ್ಲ. ಆದರೆ ರಸ್ತೆ ಅಡ್ಡ ಬಂದಲ್ಲೆಲ್ಲ ಕಾರು ನುಗ್ಗದಂತೆ ಕಂಬಿ ಹಾಕಿರುತ್ತಾರೆ. ಬ್ಯಾಗು ಅಗಲವಾಗಿದ್ದರೆ ಅದರಲ್ಲಿ ತೂರಿಸೋದು ಒಂದು ಸರ್ಕಸ್ಸು. ಮೂರನೇ ಕಂಬಿಗೇ ನನ್ನ ಬ್ಯಾಗಿನ ಕೊಕ್ಕೆ ಕಿತ್ತುಬಂತು. ಆಮೇಲೆ ಐದು ದಿನ ಹಗ್ಗ ಕಟ್ಟಿಕೊಂಡೇ ತುಳಿದೆ.

ಈ ದಾರಿ ಸೋವ್‌ತೇರ್ ದ ಗುಯೆನ್ ಅನ್ನೋ ಊರಿನಲ್ಲಿ ಮುಗಿಯುತ್ತದೆ. 1281ರಲ್ಲಿ ಕಟ್ಟಿದ ಊರು, ನಡುವೆ ಕಮಾನು ಜಗಲಿಗಳ ಚೌಕ, ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಚೆನ್ನಾಗಿದೆ. ಆದರೆ ಅಲ್ಲಿಂದ ನಾಲೆ ಮುಟ್ಟೋವರೆಗೆ ಹಸಿರು ದಾರಿ ಇಲ್ಲ. ದ್ರಾಕ್ಷಿ ತೋಟಗಳ ನಡುವಿನ ಸಣ್ಣ ರಸ್ತೆಯಲ್ಲಿ ಲಾ ರೆಯೋಲ್ ಕಡೆ ಹೋಗಬೇಕು. ಏರಿಳಿತ ಇದೆ, ಅಪರೂಪಕ್ಕೆ ಕಾರೂ ಬರುತ್ತದೆ. ಇಡೀ ಪ್ರವಾಸದಲ್ಲಿ ನಿಜವಾಗಿ ಬೆವರಿದ್ದು ಇಲ್ಲಿ ಮಾತ್ರ. ಶುರುವಿನಿಂದ ಕೊನೆವರೆಗೆ ಕಾರೇ ಇಲ್ಲದ ದಾರಿ ಅಂತ ಯಾರಾದರೂ ಹೇಳಿದರೆ ಅವರು ಈ ತುಂಡು ತುಳಿದಿಲ್ಲ ಅಂತ ಅರ್ಥ.

ನಾಲೆ ಸಿಕ್ಕಿತು ನೋಡಿ, ಬದುಕು ಬದಲಾಯಿತು. ನುಣ್ಣನೆ ಟಾರು, ಪಕ್ಕದಲ್ಲಿ ಹಸಿರು ನೀರು, ಮೇಲೆ ಪ್ಲೇನ್ ಅನ್ನೋ ಜಾತಿಯ ದೊಡ್ಡ ದೊಡ್ಡ ಮರಗಳ ನೆರಳು. ಗರೋನ್ ನಾಲೆ ಉದ್ದ 193 ಕಿ.ಮೀ. ದೋಣಿ ಮೇಲೆ ಕೆಳಗೆ ಮಾಡಲು ಗೇಟು ಹಾಕಿದ ಲಾಕುಗಳು 53. ಒಂದೊಂದು ಲಾಕಿನ ಹತ್ತಿರವೂ ಎರಡು ಮೂರು ಮೀಟರ್ ಏರು, ಅಷ್ಟೇ. 1856ರಲ್ಲಿ ನಾಲೆ ಪೂರ್ತಿಯಾಯಿತು, ಮರುವರ್ಷವೇ ಪಕ್ಕದಲ್ಲಿ ರೈಲು ಬಂತು. ಪಾಪ, ನಾಲೆಯ ವ್ಯಾಪಾರಕ್ಕೆ ಅಲ್ಲೇ ಕಲ್ಲು ಬಿತ್ತು. ನಮಗೆ ಅದರಿಂದ ಲಾಭ. ದಾರಿಯುದ್ದಕ್ಕೂ ಸ್ಟೇಷನ್ ಇವೆ. ಸುಸ್ತಾದರೆ ಸೈಕಲ್ ಸಮೇತ ರೈಲು ಹತ್ತಬಹುದು.

ಈಗ ಆ ಭಾನುವಾರ. ಫ್ರಾನ್ಸಿನ ಹಳ್ಳಿಗಳಲ್ಲಿ ಭಾನುವಾರ ಬೆಳಗ್ಗೆ ಬೇಕರಿ ತೆಗೆದಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುಚ್ಚುತ್ತದೆ. ಆಮೇಲೆ ಏನೂ ಇಲ್ಲ. ಏನೂ ಅಂದರೆ ಏನೂ ಇಲ್ಲ. ನಮ್ಮ ಕಡೆ ಬಂದ್ ಇದ್ದ ದಿನವೂ ಹಿಂಬಾಗಿಲಲ್ಲಿ ಟೀ ಸಿಗುತ್ತೆ ಅಲ್ವಾ? ಅಲ್ಲಿ ಅದೂ ಇಲ್ಲ. ಎಷ್ಟೋ ಅಂಗಡಿ, ಹೋಟೆಲ್ ಸೋಮವಾರವೂ ಮುಚ್ಚಿರುತ್ತವೆ. ನಾವು ಮಾರ್ಮಾಂಡ್ ದಾಟಿ ಮುಂದಿನ ಊರಿಗೆ ಬಂದಾಗ ಸಂಜೆ ಐದೂವರೆ. ಟೊಮೆಟೊಗೆ ಹೆಸರಾದ ಸೀಮೆ, ನಮಗೆ ಒಂದು ಟೊಮೆಟೊ ಸಿಗಲಿಲ್ಲ. ರೂಮು ಮೊದಲೇ ಬುಕ್ ಮಾಡಿರಲಿಲ್ಲ, ಸೆಪ್ಟೆಂಬರ್‌ನಲ್ಲಿ ಯಾರು ಬರ್ತಾರೆ ಅನ್ನೋ ಧೈರ್ಯ. ಊರಲ್ಲಿ ತೆಗೆದಿದ್ದ ಜಾಗ ಒಂದೇ. ಬಾಗಿಲಲ್ಲಿ ಸೈಕಲ್ ಚಿತ್ರದ ಬೋರ್ಡು, ಸೈಕಲ್ ಸವಾರರಿಗೆ ಸ್ವಾಗತ ಅಂತ.

ರೂಮಿಗೆ 118 ಯೂರೊ. ನಮ್ಮ ದುಡ್ಡಿನಲ್ಲಿ ಹತ್ತು ಸಾವಿರ ದಾಟಿತು. ಬೆಳಗಿನ ತಿಂಡಿ ತಲಾ 14 ಬೇರೆ. ಸೈಕಲ್ ಇಡೋಕೆ ಒಂದಕ್ಕೆ 5. ಇಡೋ ಜಾಗ ಯಾವುದು ಅಂದರೆ ಹಿತ್ತಲಿನ ತಗಡಿನ ಶೆಡ್ಡು, ಚಿಲಕಕ್ಕೆ ಬೀಗ ಇಲ್ಲ, ಒಳಗೆ ಹುಲ್ಲು ಕತ್ತರಿಸುವ ಯಂತ್ರ, ಕೋಳಿ ಗೂಡು. ಊಟ ಕೇಳಿದರೆ ಯಜಮಾನ ನಗುತ್ತಾ, ‘ಇವತ್ತು ಭಾನುವಾರ’ ಅಂದ. ಅಡುಗೆಮನೆಯಿಂದ ಹುರಿದ ಬಾತುಕೋಳಿ ಘಮ ಬರ್ತಾ ಇತ್ತು, ಅದು ಅವರ ಮನೆಯವರಿಗೆ. ಹೆಂಡತಿ ಮೆಲ್ಲಗೆ, “ರೀ, ಚಟ್ನಿಪುಡಿ ಬೇಡ, ಭಾರ ಆಗುತ್ತೆ ಅಂದಿದ್ರಲ್ಲ?” ಅಂದಳು. ನಾನು ಮಾತಾಡಲಿಲ್ಲ.

ಹಾಗಾಗಿ ಭಾನುವಾರ ಹನ್ನೆರಡರೊಳಗೆ ಎರಡು ದಿನಕ್ಕೆ ಆಗುವಷ್ಟು ಬ್ರೆಡ್ಡು, ಚೀಸು, ಹಣ್ಣು ಕೊಂಡುಬಿಡಿ. ಅದಕ್ಕಿಂತ ಒಳ್ಳೇದು, ಮಂಗಳವಾರ ಹೊರಟು ಶನಿವಾರಕ್ಕೆ ಮುಗಿಸಿ. ರೂಮಾದರೆ ‘ಅಕ್ಯೊಯ್ ವೆಲೊ’ ಅನ್ನೋ ಅಧಿಕೃತ ಗುರುತು ಇರೋ ಜಾಗ ಹುಡುಕಿ. ಬೀಗ ಹಾಕುವ ಸೈಕಲ್ ಜಾಗ, ರಿಪೇರಿ ಸಾಮಾನು ಇರಲೇಬೇಕು ಅನ್ನೋ ನಿಯಮ ಅದಕ್ಕಿದೆ. ನಾವು ನೋಡಿದ ಬೋರ್ಡು ಅದಲ್ಲ, ಆ ಮನುಷ್ಯ ತಾನೇ ಬರೆಸಿಕೊಂಡಿದ್ದು. ನಮಗೆ ಗೊತ್ತಾಗಿದ್ದು ಆಮೇಲೆ.

ಸೋಮವಾರ ಬೆಳಗ್ಗೆ ತಿಂಡಿಗೆ 28 ಯೂರೊ ಕೊಡೋಕೆ ಮನಸ್ಸು ಬರಲಿಲ್ಲ, ಹಠಕ್ಕೆ ಹಾಗೇ ಹೊರಟೆವು. ಲ ಮಾ ದಾಜನೆ ಅನ್ನೋ ಹಳ್ಳಿಯ ಚರ್ಚಿನಲ್ಲಿ ಡಚ್ ಚಿತ್ರಕಾರ ರೆಂಬ್ರಾಂಟ್ 1631ರಲ್ಲಿ ಬರೆದ, ಶಿಲುಬೆ ಮೇಲಿನ ಯೇಸುವಿನ ಚಿತ್ರ ಇದೆ. ಅಷ್ಟು ಸಣ್ಣ ಹಳ್ಳಿಯಲ್ಲಿ! ಆದರೆ ಊರು ನಾಲೆಯಿಂದ ಮೇಲೆ, ಗುಡ್ಡದ ಮೇಲಿದೆ. ಖಾಲಿ ಹೊಟ್ಟೆಯಲ್ಲಿ ರೆಂಬ್ರಾಂಟ್ ಬೇಡ ಅಂತ ಕೆಳಗಿನಿಂದಲೇ ಕೈ ಮುಗಿದೆವು. ಈಗ ಬೇಜಾರಾಗುತ್ತದೆ.

ಹನ್ನೆರಡೂ ಕಾಲಿಗೆ ಒಂದು ಸೇತುವೆ ಪಕ್ಕ ಎಂಟು ಹತ್ತು ಬಿಳಿ ವ್ಯಾನುಗಳು ಸಾಲಾಗಿ ನಿಂತಿದ್ದವು. ಮೇಲೆ ಏಣಿ, ಪೈಪು. ಗಾರೆ ಕೆಲಸದವರು, ಎಲೆಕ್ಟ್ರಿಷಿಯನ್‌ಗಳು. ಅಲ್ಲೇ ಇದ್ದ ಹೋಟೆಲಿನ ಬಾಗಿಲ ಪಕ್ಕ ಸ್ಲೇಟಿನ ಮೇಲೆ ‘ಮೆನ್ಯು ಉವ್ರಿಯೆ 15’ ಅಂತ ಬರೆದಿತ್ತು. ಕೆಲಸಗಾರರ ಊಟ ಅಂತ ಅರ್ಥ. ಇದು ಫ್ರಾನ್ಸಿನ ನಮ್ಮ ಮಿಲಿಟರಿ ಹೋಟೆಲು ಅಂದುಕೊಳ್ಳಿ. ವಾರದ ದಿನ ಮಧ್ಯಾಹ್ನ ಮಾತ್ರ ನಡೆಯುತ್ತದೆ, ಸೋಮವಾರವೂ.

ಕೂತ ಕೂಡಲೇ ಒಂದು ದೊಡ್ಡ ಪಿಂಗಾಣಿ ಬೋಗುಣಿ ತುಂಬ ತರಕಾರಿ ಸೂಪು ತಂದಿಟ್ಟರು. ಬಡಿಸೋದು ನಾವೇ, ಎಷ್ಟು ಬೇಕಾದರೂ. ಎದುರಿನ ಟೇಬಲ್ಲಿನ ಅಜ್ಜ ಸೂಪು ಇನ್ನೆರಡು ಚಮಚ ಉಳಿದಿರುವಾಗ ತಟ್ಟೆಗೇ ಕೆಂಪು ವೈನು ಸುರಿದು, ಎರಡೂ ಕೈಯಲ್ಲಿ ಎತ್ತಿ ಗಟಗಟ ಕುಡಿದ. ನಾವು ಬಾಳೆಲೆಯಲ್ಲಿ ಉಳಿದ ಮಜ್ಜಿಗೆ ಸೊರ್ರನೆ ಹೀರೋ ಹಾಗೆ. ಅದಕ್ಕೆ ‘ಶಾಬ್ರೊ’ ಅನ್ನುತ್ತಾರಂತೆ. ನೋಡ್ತಾ ಇದ್ದ ನನಗೂ ಮಾಡು ಅಂತ ಸನ್ನೆ ಮಾಡಿದ. ಮಾಡಿದೆ. ರುಚಿ ಬಗ್ಗೆ ಏನು ಹೇಳಲಿ, ಹೊಟ್ಟೆ ಬೆಚ್ಚಗಾಯಿತು.

ಆಮೇಲೆ ಗೋಡೆ ಪಕ್ಕದ ಮೇಜಿನಿಂದ ನಾವೇ ಹಾಕಿಕೊಳ್ಳೋದು. ತುರಿದ ಕ್ಯಾರೆಟ್, ಬೀಟ್‌ರೂಟ್, ಈರುಳ್ಳಿ ಹಾಕಿದ ಮಸೂರ ಬೇಳೆ, ಬೇಯಿಸಿದ ಮೊಟ್ಟೆ. ಹೆಂಡತಿ ಮಾಂಸ ತಿನ್ನೋದಿಲ್ಲ, ಮೊಟ್ಟೆ ತಿಂತಾಳೆ. ಒಳಗಿಂದ ಬಂದ ಅಮ್ಮನಿಗೆ ನನ್ನ ಹರಕು ಫ್ರೆಂಚಿನಲ್ಲಿ ಹೇಳಿದೆ. ಆಕೆ ಮುಖ ಗಂಟಿಕ್ಕಿ ಹೋದರು. ಮುಗೀತು ಅಂದುಕೊಂಡೆ. ಹತ್ತು ನಿಮಿಷಕ್ಕೆ ಆಲೂಗಡ್ಡೆ ಹಾಕಿದ, ಎರಡು ಬೆರಳು ದಪ್ಪದ ಆಮ್ಲೆಟ್ ತಂದು, ಅವಳು ಮೊದಲ ತುತ್ತು ತಿನ್ನೋವರೆಗೆ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಿದ್ದರು. ಚೀಸಿನ ಹಲಗೆ ಬಂತು, ಮುಂದೆ ಸಿಗುವ ಆಜೆನ್ ಊರಿನ ಒಣ ಪ್ಲಮ್ ಹಾಕಿದ ಸಿಹಿ ಬಂತು, ಕಾಫಿ ಬಂತು. ವೈನೂ ಸೇರಿ ಇಬ್ಬರಿಗೆ 30 ಯೂರೊ. ಹೋಟೆಲಿಗೆ ಬೋರ್ಡೇ ಇರಲಿಲ್ಲ. ವ್ಯಾನ್ ಸಾಲು ಕಂಡಲ್ಲಿ ಸೈಕಲ್ ನಿಲ್ಲಿಸಿ, ಅಷ್ಟೇ. ಆದರೆ ಹನ್ನೆರಡರಿಂದ ಒಂದೂವರೆಯೊಳಗೆ ಹೋಗಿ, ತಡವಾದರೆ ಅಡುಗೆಮನೆ ಮುಚ್ಚುತ್ತದೆ. ಒಳಗೆ ಕಾಲಿಡುವಾಗ ಮೊದಲು ‘ಬೊಂಜೂರ್’ ಅನ್ನಿ. ಅದು ಹೇಳದೆ ನೇರ ವಿಷಯಕ್ಕೆ ಬಂದರೆ ಮುಖ ಕೊಡೋದಿಲ್ಲ.

ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಈ ಸೀಮೆಯಲ್ಲಿ ಸಲಾಡ್ ಅಂದರೆ ಸೊಪ್ಪು ಅಂತ ನಂಬಬೇಡಿ. ‘ಜೆಸಿಯೆ’ ಅಂತ ಬರೆದಿದ್ದರೆ ಅದು ಬಾತುಕೋಳಿಯ ಕಲ್ಲುಹೊಟ್ಟೆ. ಆಲೂಗಡ್ಡೆಯನ್ನು ಬಾತುಕೋಳಿ ಕೊಬ್ಬಿನಲ್ಲಿ ಹುರಿಯುವ ರೂಢಿಯೂ ಇದೆ, ಕೇಳಿ ತಿನ್ನಿ. ಕುಡಿಯೋ ನೀರಿಗೆ ಹಳ್ಳಿಯ ಸ್ಮಶಾನಕ್ಕೆ ಹೋಗಿ. ತಮಾಷೆ ಅಲ್ಲ, ಹೂಗಿಡಕ್ಕೆ ಅಂತ ಅಲ್ಲಿ ನಲ್ಲಿ ಇರುತ್ತದೆ, ಸೈಕಲ್‌ನವರೆಲ್ಲ ಅಲ್ಲೇ ಬಾಟಲಿ ತುಂಬಿಸಿಕೊಳ್ಳೋದು. ‘ನೋನ್ ಪೊತಾಬ್ಲ್’ ಅಂತ ಬೋರ್ಡಿದ್ದರೆ ಮಾತ್ರ ಬೇಡ. ಮೊದಲ ಸಲ ಹೆಂಡತಿ ಗೇಟಿನ ಹೊರಗೇ ನಿಂತಳು, ಮೂರನೇ ದಿನಕ್ಕೆ ಅವಳೇ ಮುಂದೆ.

ಆಜೆನ್ ಹತ್ತಿರ ನಾಲ್ಕು ಲಾಕು ಸಾಲಾಗಿ ಹತ್ತಿದರೆ ನಾಲೆ ನದಿಯ ಮೇಲೇ ಹೋಗುತ್ತದೆ. 539 ಮೀಟರ್ ಉದ್ದದ, 23 ಕಮಾನಿನ ಕಲ್ಲು ಸೇತುವೆ. ಕೆಳಗೆ ಗರೋನ್ ನದಿ, ಮೇಲೆ ದೋಣಿ, ಪಕ್ಕದಲ್ಲಿ ನಾವು. ನಡುವೆ ನಿಂತು ಎರಡು ನೀರನ್ನೂ ನೋಡಿ, ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ.

ಮಂಗಳವಾರದ್ದು ಬರೆಯೋಕೆ ಏನಿಲ್ಲ. ನೇರ ದಾರಿ, ಮರ, ನೀರು, ಮತ್ತೆ ಮರ. ಗೊಲ್ಫೆಕ್ ಅಣುಸ್ಥಾವರದ ಎರಡು ದೊಡ್ಡ ಗೋಪುರ ಮಧ್ಯಾಹ್ನವೆಲ್ಲ ಕಣ್ಣಿಗೆ ಬೀಳುತ್ತಲೇ ಇತ್ತು. ನಾಲೆ ದಾರಿ ಬೇಜಾರು ಅನ್ನೋರಿದ್ದಾರೆ, ತಪ್ಪಿಲ್ಲ. ನನಗೆ ಮಾತ್ರ ಅದೇ ಬೇಕಿತ್ತು.

ಮುವಾಸಾಕ್‌ನಲ್ಲಿ ಒಂದು ರಾತ್ರಿ ಉಳಿಯಿರಿ. ಸ್ಪೇನಿನ ಸಾಂಟಿಯಾಗೊ ಯಾತ್ರೆಗೆ ನಡೆದುಹೋಗುವವರ ದಾರಿ ಅದು, ಹಾಗಾಗಿ ಕಮ್ಮಿ ದುಡ್ಡಿನ ಯಾತ್ರಿಕರ ವಸತಿಗಳಿವೆ. ಸೈಕಲ್‌ನವರಿಗೂ ಹಾಸಿಗೆ ಕೊಡುತ್ತಾರೆ. ನಮಗೆ ಇಬ್ಬರಿಗೂ ಸೇರಿ ಆ ಭಾನುವಾರದ ರೂಮಿನ ಅರ್ಧಕ್ಕಿಂತ ಕಮ್ಮಿಯಾಯಿತು. ಅಲ್ಲಿನ ಹಳೇ ಕ್ರೈಸ್ತ ಮಠದ ಅಂಗಳದ ಕಂಬಗಳು 1100ರ ಹೊತ್ತಿನವು. ಹೊರಗೆ ರಸ್ತೆಯಲ್ಲಿ ಶಾಸ್ಲಾ ದ್ರಾಕ್ಷಿ ಮಾರ್ತಾ ಇದ್ದರು, ಜೇನಿನ ಬಣ್ಣದ ಸಣ್ಣ ಹಣ್ಣು. ಮೋಂತೆಶ್‌ನಲ್ಲಿ 1974ರ ಒಂದು ವಿಚಿತ್ರ ಯಂತ್ರ ಇದೆ. ಐದು ಲಾಕು ತಪ್ಪಿಸಲು ಎರಡು ಎಂಜಿನ್ನು ಸೇರಿ ದೋಣಿಯನ್ನು ನೀರಿನ ಸಮೇತ ಇಳಿಜಾರಿನಲ್ಲಿ ಮೇಲಕ್ಕೆ ತಳ್ಳುತ್ತಿದ್ದವು. ಈಗ ಓಡೋದಿಲ್ಲ, ನೋಡೋಕೆ ಇಟ್ಟಿದ್ದಾರೆ.

ತುಲೂಸ್ ಮುಟ್ಟಿದ ಮೇಲೆ ಉತ್ಸಾಹದಲ್ಲಿ, ಅಲ್ಲಿಂದ ಮೆಡಿಟರೇನಿಯನ್ ಸಮುದ್ರದ ಕಡೆ ಹೋಗುವ ಮಿದಿ ನಾಲೆಗೂ ಮುಂದುವರಿಯುವವರಿದ್ದಾರೆ. ಮೊದಲ 50 ಕಿ.ಮೀ. ಟಾರು ಇದೆ, ಹೋಗಿ. ಆಮೇಲೆ ಮಣ್ಣು, ಮರದ ಬೇರು. ತೆಳು ಟೈರಾದರೆ ಬೇಡ.

ರೈಲಿಗೆ ಒಂದು ಮಾತು. ಪ್ರಾದೇಶಿಕ ರೈಲು ನಿಧಾನ, ಆದರೆ ನಮ್ಮ ಸೈಕಲ್‌ಗೆ ದುಡ್ಡು ಕೇಳಲಿಲ್ಲ. ದೂರದ ರೈಲಿಗೆ ಸೈಕಲ್‌ಗೇ ಬೇರೆ ಟಿಕೆಟ್ ಮುಂಚೆ ಮಾಡಿಸಬೇಕು. ನಾನು ಮಾಡಿಸಿರಲಿಲ್ಲ. ಹೋಗುವಾಗ ಒಂದು ರೈಲು ಬಿಟ್ಟು, ಪ್ಲಾಟ್‌ಫಾರ್ಮಿನಲ್ಲಿ ಎರಡು ಗಂಟೆ ಕೂತೆವು. ಹೆಂಡತಿ ಮಾತ್ರ ಚಟ್ನಿಪುಡಿ ಡಬ್ಬ ಬ್ಯಾಗಿನ ತಳಕ್ಕೆ ಹಾಕಿ, ಮೇಲೆ ನನ್ನ ರೈನ್‌ಕೋಟ್ ಮುಚ್ಚಿದ್ದು ಆಗಲೇ ಅಂತೆ.